ಜಿಗಿಯುವ ಬಟನ್

ಕೈಗಾ ಅಣುಸ್ಥಾವರದ ಸ್ಟಾಫ್ ಬಸ್ಸಿನಲ್ಲಿ ಯಾರ ಸೀಟು ಯಾವುದೆಂದು ಎಲ್ಲೂ ಬರೆದಿಟ್ಟಿಲ್ಲ. ಆದರೂ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತರೆ ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತದೆ. ಅಕೌಂಟ್ಸ್ ಸೆಕ್ಷನ್ನಿನ ವಿಜೇತಾ ಹಬ್ಬುವಾಡದಲ್ಲಿ ಹತ್ತಿ ಎಡಗಡೆಯ ಕಿಟಕಿ ಹಿಡಿಯುತ್ತಾಳೆ. ಕದ್ವಾಡದಲ್ಲಿ ಹತ್ತುವ ರೂಪೇಶನಿಗೆ ಅವಳ ಪಕ್ಕದ ಸೀಟು. ಅದನ್ನು ಅವನೇನೂ ಆರಿಸಿಕೊಂಡದ್ದಲ್ಲ. ಅವನು ಮೆಂಟೆನೆನ್ಸಿಗೆ ಹೊಸದಾಗಿ ಸೇರಿದ ದಿನ ಖಾಲಿ ಇದ್ದದ್ದು ಅದೊಂದೇ. ಗಂಡನ ಮನೆ ಬಿಟ್ಟು ಬಂದವಳ ಪಕ್ಕ ಕೂತರೆ ಎಲ್ಲಿ ಹೆಸರು ಅಂಟಿಕೊಳ್ಳುತ್ತದೋ ಎಂದು ಉಳಿದ ಗಂಡಸರು ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಕೂರುತ್ತಿದ್ದರು. ಅಂಥ ಧೀರರು!

ಮಾತಿನ ವಿಷಯಕ್ಕೆ ಬಂದರೆ ರೂಪೇಶನೂ ಧೀರನಲ್ಲ. ವಯಸ್ಸು ನಲವತ್ತು ದಾಟಿತ್ತು. ತಂಗಿಯರ ಮದುವೆ ಮಾಡುವ ಗಡಿಬಿಡಿಯಲ್ಲಿ ತನ್ನದು ಮರೆತೇಹೋಗಿತ್ತು. ಕೂತವನೇ ಬ್ಯಾಗಿನಿಂದ ಅಂಗೈಯಗಲದ ಒಂದು ವಿಡಿಯೋ ಗೇಮ್ ತೆಗೆಯುತ್ತಿದ್ದ. ತಂಗಿಯ ಮಗ ಆಡಿ ಬೇಜಾರಾಗಿ ಬಿಸಾಕಿದ್ದು ಅದು. ಬಣ್ಣ ಹೋಗಿತ್ತು, ಮೂಲೆಗೆ ಟೇಪು ಸುತ್ತಿತ್ತು. ಅದರಲ್ಲಿ ಅವನು ಆಡುತ್ತಿದ್ದದ್ದು ಒಂದೇ ಆಟ: ಲಾಟೀನು ಹಿಡಿದ ಹುಡುಗನೊಬ್ಬ ಕಾಡು ದಾಟಿ ಮನೆ ಸೇರಬೇಕು.

ವಿಜೇತಾ ಮೊದಮೊದಲು ಕಿಟಕಿಯಾಚೆ ಕಾಳಿ ಹೊಳೆ ನೋಡುತ್ತಿದ್ದಳು. ಆಮೇಲೆ ಓರೆಗಣ್ಣಿನಲ್ಲಿ ಆಟ ನೋಡಿದಳು, ಆಮೇಲೆ ನೇರವಾಗಿಯೇ ನೋಡತೊಡಗಿದಳು. ಅವನೂ ಅದನ್ನು ಚೂರು ಅವಳ ಕಡೆ ವಾಲಿಸಿ ಹಿಡಿಯತೊಡಗಿದ.

"ಅಯ್ಯೋ, ಹಾವು! ಹಾವು!"

"ಕಂಡೆ ಮೇಡಂ."

ದಿನಕ್ಕೆ ಇಷ್ಟೇ ಮಾತು. ಇಷ್ಟರಲ್ಲೇ ಅವಳಿಗೆ ಹಬ್ಬ.

ಕಾಡಿನ ಕೊನೆಗೆ ಒಂದು ತೂಗುಸೇತುವೆ, ಅದರ ನಡುವೆ ಹಲಗೆ ಕಿತ್ತುಹೋದ ಜಾಗ. ಅಲ್ಲಿ ಜಿಗಿದರೆ ಆಚೆ ದಡದಲ್ಲಿ ಮನೆ, ಆಟ ಮುಗಿಯಿತು. ಬಸ್ಸು ಕೈಗಾ ಗೇಟಿನ ಹತ್ತಿರ ಬರುವಾಗ ಹುಡುಗ ಸೇತುವೆಗೆ ಬರುತ್ತಿದ್ದ, ದಿನವೂ ತಪ್ಪದೆ ದುಡುಂ ಎಂದು ನೀರಿಗೆ ಬೀಳುತ್ತಿದ್ದ.

"ಈ ಜಿಗಿಯೂ ಬಟನ್ ಸಮಾ ಒತ್ತೂದಿಲ್ಲ ಮೇಡಂ. ಸವದು ಹೋಗ್ಯದೆ."

"ಇರ್ಲಿ ಬಿಡಿ, ನಾಳೆ ದಾಟ್ತದೆ."

ಎರಡು ಮಳೆಗಾಲ ಕಳೆದರೂ ಆ ನಾಳೆ ಬರಲಿಲ್ಲ. ಬಿದ್ದ ಹುಡುಗ ಮತ್ತೆ ಕಾಡಿನ ಮೊದಲಿಗೇ ಹೋಗಿ ನಿಲ್ಲುತ್ತಿದ್ದ. ಅದರಿಂದ ವಿಜೇತಾಳಿಗೆ ಬೇಸರವಾಗುತ್ತಿತ್ತು ಎಂದರೆ ಶುದ್ಧ ಸುಳ್ಳು. ಊರಿಗೆಲ್ಲ ಭಾನುವಾರ ರಜೆಯಾದರೆ ಅವಳಿಗೆ ಅದು ಸಜೆ.

ಚೌತಿ ಮುಗಿದ ವಾರ ಸ್ಕ್ರೀನು ಕಪ್ಪಾಯಿತು. ರೂಪೇಶ ತಟ್ಟಿ ನೋಡಿದ, ಊದಿ ನೋಡಿದ. ಏನೂ ಆಗಲಿಲ್ಲ. ಮೂರ್ನಾಲ್ಕು ದಿನ ಬರಿಗೈಯಲ್ಲಿ ಕೂತ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ, ಕಣ್ಣು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ನಡುವೆ ನೋಡಲು ಒಂದು ವಸ್ತುವಿಲ್ಲದಿದ್ದರೆ ಅಲ್ಲಿ ಕೂತಿರುವುದು ಬರೀ ಒಂದು ಗಂಡು, ಒಂದು ಹೆಣ್ಣು. ಅದು ಅವರಿಗಿಂತ ಮೊದಲು ಬಸ್ಸಿಗೆ ಕಂಡಿತು. "ಬಾರೋ ಇಲ್ಲಿ, ಒಂದು ಕೈ ಕಮ್ಮಿ ಅದೆ" ಎಂದು ಹಿಂದಿನ ಇಸ್ಪೀಟಿನವರು ಕರೆದರು. ಅವನು ಎದ್ದುಹೋದ.

ಖಾಲಿ ಜಾಗಕ್ಕೆ ಸ್ಟೋರ್ಸಿನ ಸುನೀತಾ ಬಂದು ಕೂತು ಸೊಸೆಯ ಪುರಾಣ ಬಿಚ್ಚಿದಳು. ವಿಜೇತಾ ಹೂಂಗುಟ್ಟುತ್ತಿದ್ದಳು, ಕಿವಿಯೆಲ್ಲ ಹಿಂದೆ ಇತ್ತು. ಕದ್ವಾಡ ಬಂದಾಗಲೆಲ್ಲ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಅವನು ತನಗೆ ಬೇಕು, ಆಟವಲ್ಲ, ಅವನು. ಆ ಮಾತನ್ನು ಅವಳು ತನಗೇ ಹೇಳಿಕೊಂಡದ್ದು ಆಗಲೇ ಮೊದಲು.

ಒಂದು ಸಂಜೆ ಕಾರವಾರ ಪೇಟೆಯಲ್ಲಿ ಇಳಿದು, ವಿಡಿಯೋ ಗೇಮ್ ಮಾರುವ ಅಂಗಡಿಗೆ ಹೋಗಿ ರಿಪೇರಿಯ ವಿಷಯ ಕೇಳಿದಳು. "ಹಳೇದನ್ನ ಯಾರು ರಿಪೇರಿ ಮಾಡ್ತ್ರು? ಹೊಸಾದು ತಕೊಳ್ಳಿ" ಎಂದು ಅಂಗಡಿಯವ ಥಳಥಳಿಸುವ ಒಂದನ್ನು ಕೈಗಿಟ್ಟ. ಕೊಂಡೇಬಿಡುವವಳಿದ್ದಳು. ಆದರೆ ರೂಪೇಶನಿಗೆ ಕೊಡುವುದು ಯಾವ ಲೆಕ್ಕದಲ್ಲಿ? ರಿಪೇರಿ ಮಾಡಿಸಿಕೊಡಲು ಪರಿಚಯ ಸಾಕು, ಹೊಸದು ಕೊಡಿಸಲು ಸಂಬಂಧ ಬೇಕು. ಅವಳದು ಕಡಲಿಗೆ ಹೋಗುವವರ ಮನೆ, ಅವನದು ಗದ್ದೆಯವರ ಮನೆ. ಮೇಲಿಂದ ಅವಳಿಗೊಂದು ಮುರಿದ ಮದುವೆ. ಗಡಿಗೆಯ ಬಾಯಿ ಕಟ್ಟಬಹುದು, ಊರ ಬಾಯಿ ಕಟ್ಟಲಾದೀತೇ? ವಾಪಸು ಕೊಟ್ಟು ಮನೆಗೆ ಬಂದಳು.

ಮರುದಿನ ಗೇಟಿನಲ್ಲಿ ಇಳಿಯುವಾಗ ಅವನನ್ನು ತಡೆದಳು. "ನನ್ನ ತಂಗಿ ಮನೆ ಅಂಕೋಲೆಲಿ. ಅಲ್ಲಿ ಜಟ್ಟು ಅಂತ ಒಬ್ಬ ಎಂಥಾ ಹಳೇ ಸಾಮಾನಾದ್ರೂ ಸಮಾ ಮಾಡ್ತ. ನಿಮ್ದು ಕೊಡಿ, ತೋರಿಸ್ಕಂಡು ಬತ್ತೆ."

"ಬ್ಯಾಡ್ರೀ ಮೇಡಂ. ಅದರ ಆಯುಷ್ಯ ಮುಗೀತು."

ಹಾಗೆಂದವನು ಮಾರನೇ ದಿನ ಅದನ್ನು ಎಳೆಗೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ.

ಭಾನುವಾರ ಅಂಕೋಲೆಗೆ ಹೋದಳು. ಬಸ್‌ಸ್ಟ್ಯಾಂಡಿನ ಹಿಂದೆ ಜಟ್ಟುವಿನ ಅಂಗಡಿ. ಅವನು ಗೇಮನ್ನು ಬಿಚ್ಚಿ, ಕನ್ನಡಕ ಹಣೆಗೇರಿಸಿ, "ಸ್ಕ್ರೀನಿಗೆ ಹೋಗೂ ವಾಯರಿನ ಪಟ್ಟಿ ಉಪ್ಪು ಗಾಳಿಗೆ ತಿಂದು ಹೋಗ್ಯದೆ. ಇಂಥದ್ದೇ ಸತ್ತದ್ದೊಂದು ನನ್ನ ಹತ್ರ ಅದೆ, ಅದರದ್ದು ಹಾಕ್ತೆ" ಎಂದ.

ಬಟನ್ನಿನ ವಿಷಯ ಹೇಳಲೋ ಬೇಡವೋ ಎಂದು ವಿಜೇತಾಳಿಗೆ ಎರಡು ಮನಸ್ಸಾಯಿತು. ಬಟನ್ ಸರಿಯಾದರೆ ಹುಡುಗ ದಾಟುತ್ತಾನೆ, ದಾಟಿದರೆ ಆಟ ಮುಗಿಯುತ್ತದೆ, ಆಟ ಮುಗಿದರೆ ರೂಪೇಶ ಮತ್ತೆ ಇಸ್ಪೀಟಿಗೆ ಹೋಗುತ್ತಾನೆ. ಹಾಗೆಂದು ತನ್ನ ಸುಖಕ್ಕೆ ಆ ಹುಡುಗನನ್ನು ದಿನವೂ ನೀರಿಗೆ ಬೀಳಿಸುವುದೇ? ಕೊನೆಗೆ ಹೇಳಿದಳು: "ಆ ಜಿಗಿಯೂ ಬಟನ್ನೂ ಸಮಾ ಮಾಡು."

ಜಟ್ಟು ಪಟ್ಟಿ ಹಾಕಿದ, ಸ್ಕ್ರೀನು ಬೆಳಗಿತು. ಬಟನ್ ಒತ್ತಿದ. ಹುಡುಗ ಜಿಗಿದ. ಮತ್ತೆ ಒತ್ತಿದ, ಮತ್ತೆ ಜಿಗಿದ.

"ಇದಕ್ಕೆ ಎಂತಾ ಆಗ್ಯದೆ ಅಕ್ಕಾ? ಬಣ್ಣ ಹೋಗ್ಯದೆ ಅಷ್ಟೇ. ಒತ್ತಿದಾಗೆಲ್ಲಾ ಜಿಗೀತದಲ್ಲ!"

"ಸೇತುವೆ ಮೇಲೆ ಒತ್ತೂದಿಲ್ಲ ಅಂದ್ರು."

"ಬಟನ್ನಿಗೆ ಸೇತುವೆ ಯಾವುದು, ಕಾಡು ಯಾವುದು, ಗೊತ್ತಾಗ್ತದನಾ?" ಜಟ್ಟು ನಕ್ಕ.

ವಿಜೇತಾ ನಗಲಿಲ್ಲ. ಹೌದಲ್ಲ! ಕಾಡಿನುದ್ದಕ್ಕೂ ಹಾವು, ಹಳ್ಳ, ಮುಳ್ಳು ಎಲ್ಲವನ್ನೂ ಹುಡುಗ ಇದೇ ಬಟನ್ನಿನಿಂದ ಜಿಗಿದಿದ್ದ. ಪೈಸೆ ಪೈಸೆ ತಾಳೆ ನೋಡುವ ಅಕೌಂಟ್ಸಿನವಳಿಗೆ ಎರಡು ಮಳೆಗಾಲ ಇಷ್ಟು ಹೊಳೆದಿರಲಿಲ್ಲ. ರೂಪೇಶ ಬೇಕೆಂದೇ ಬೀಳುತ್ತಿದ್ದ. ಆಟ ಮುಗಿಯದಿರಲಿ, ಆ ಸೀಟಿನಿಂದ ಏಳುವಂತಾಗದಿರಲಿ ಎಂದು ದಿನವೂ ಬೀಳುತ್ತಿದ್ದ. ತನಗಾಗಿ ಯಾರಾದರೂ ಹೀಗೆ ಸೋಲಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಕಣ್ಣು ತುಂಬಿ ಬಂತು.

ಜಟ್ಟು ಗಾಬರಿಯಾದ. "ಎಂತಾ ಆಯ್ತು ಅಕ್ಕಾ? ನಾ ಇನ್ನೂ ರೊಕ್ಕ ಹೇಳ್ಲೇ ಇಲ್ಲಲ್ಲ!"

ಸೋಮವಾರ ವಿಜೇತಾ ಪಕ್ಕದ ಸೀಟಿನ ಮೇಲೆ ತನ್ನ ಬ್ಯಾಗಿಟ್ಟಳು. ಸುನೀತಾ ಬಂದು ನಿಂತರೂ ತೆಗೆಯಲಿಲ್ಲ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ನೋಡಲಿ. ಕದ್ವಾಡದಲ್ಲಿ ರೂಪೇಶ ಹತ್ತಿದಾಗ ಬ್ಯಾಗು ಎತ್ತಿ ಟವೆಲ್ಲಿನ ಗಂಟನ್ನು ಅವನ ಕೈಗಿಟ್ಟಳು. ಅವನು ಕೂತ. ಸ್ಕ್ರೀನು ಬೆಳಗಿದಾಗ ಅವನ ಮುಖ ಅರಳಿದ್ದು ನೋಡಿ ಅವಳಿಗೆ ಹೊಟ್ಟೆ ತುಂಬಿತು.

ಹುಡುಗ ಕಾಡು ದಾಟಿದ, ಸೇತುವೆಗೆ ಬಂದ, ದುಡುಂ ಎಂದು ಬಿದ್ದ.

"ಈ ಬಟನ್..." ರೂಪೇಶನ ದನಿಯಲ್ಲಿ ಅಳುಕಿತ್ತು. "ಇದನ್ನ ಅವ ನೋಡ್ಲಿಲ್ವಾ?"

ನಿಜ ಹೇಳಿದರೆ ಅವನು ನಾಚಿ ಎದ್ದುಹೋದಾನು. "ನೋಡ್ದ," ಎಂದಳು ವಿಜೇತಾ. "ಆ ಬಟನ್ನಿಗೆ ಮದ್ದೇ ಇಲ್ಲಂತೆ. ಕಡೇತನಕ ಹೀಂಗೇ ಇರ್ತದಂತೆ."

ರೂಪೇಶ ತಲೆಯೆತ್ತಿ ಅವಳನ್ನು ನೋಡಿದ. ಬಟನ್ನಿಗೆ ಏನೂ ಆಗಿಲ್ಲವೆಂದು ಅವನಿಗೆ ಗೊತ್ತಿರದೆ ಇನ್ನಾರಿಗೆ? ಅವಳು ಸುಳ್ಳು ಹೇಳಿದಳೆಂದರೆ ಅವಳಿಗೂ ಎಲ್ಲ ಗೊತ್ತಾಗಿದೆ. ಅವನಿಗೆ ಅದು ಹೊಳೆದದ್ದು ಅವನ ಕಿವಿ ಕೆಂಪೇರಿದಾಗ ಅವಳಿಗೆ ತಿಳಿಯಿತು. ಗೇಮನ್ನು ಕೆಳಗಿಟ್ಟು ಕೈ ಹಿಡಿಯುವಷ್ಟು ಧೈರ್ಯ ಅವನಿಗಿರಲಿಲ್ಲ. ಕೈ ಮುಂದೆ ಮಾಡುವ ಧೈರ್ಯ ಅವಳಿಗೂ ಇರಲಿಲ್ಲ, ಆಸೆ ಮಾತ್ರ ಬೆಟ್ಟದಷ್ಟಿತ್ತು.

ಬಸ್ಸು ಗೇಟಿನಲ್ಲಿ ನಿಂತಿತು. ಇಸ್ಪೀಟಿನವನೊಬ್ಬ ಇಳಿಯುತ್ತ ರೂಪೇಶನ ಹೆಗಲು ತಟ್ಟಿದ. "ಸಂಜಿಗೆ ಹಿಂದೆ ಬತ್ಯೋ ಇಲ್ವೋ?"

"ಇಲ್ಲ ಮಾರಾಯಾ," ಎಂದ ರೂಪೇಶ, ಅವಳನ್ನು ನೋಡುತ್ತಲೇ. "ನಮ್ಮ ಹುಡುಗ ಇನ್ನೂ ಮನೆ ಮುಟ್ಲಿಲ್ಲ."