ಭಾಲ್ಕಿಗಿ ಹೋಗು, ಕೇಳ್ಕೊಂಡು ಬಾ

ಎರಡು ಸರ್ಕಾರಗಳಿಗೆ ಜಗಳ ಹತ್ತಿದರೆ ಫೌಜಿಗಿಂತ ಮೊದಲು ಸುದ್ದಿ ಊರು ಸೇರುತ್ತದೆ. ೧೯೪೮ರಲ್ಲಿ ಠಾಣಾ ಕುಶನೂರಿನಲ್ಲೂ ಹಾಗೇ ಆಯಿತು. ಆಗ ಬೀದರ ಸೀಮೆಯೆಲ್ಲ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು. ಮೊದಲು ನಿಜಾಮರ ಪರ ಹೊಡೆದಾಡುತ್ತಿದ್ದ ರಜಾಕಾರರ ಭಯ. ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು, ನಿಜಾಮರು ಶರಣಾದರು. ಆಮೇಲೆ ಅದೇ ಭಯ ಮುಸಲ್ಮಾನರ ಮನೆಗಳನ್ನು ಹೊಕ್ಕಿತು.

ಬಕ್ಕಪ್ಪನದು ಕುರಿ ಸಾಕುವ ಮನೆ. ಅವನ ಅಣ್ಣ ಪಂಢರಿ ಗದ್ದಲಕ್ಕೆ ಮುಂಚೆ ಹಿಂಡು ಹೊಡೆದುಕೊಂಡು ಭಾಲ್ಕಿ ಕಡೆ ಹೋದವನು ಇನ್ನೂ ಬಂದಿರಲಿಲ್ಲ. ಒಂದು ಮುಂಜಾನೆ ದಾರಿಹೋಕನೊಬ್ಬ ಬಾವಿಯ ಹತ್ತಿರ ನೀರು ಕುಡಿದು, "ಭಾಲ್ಕಿ ಕಡಿ ನಿಮ್ಮೂರ ಕುರಿಯಂವ ಒಬ್ಬ ಸತ್ತಾನಂತ" ಅಂದು ತನ್ನ ದಾರಿ ಹಿಡಿದ. ಆ ಮಾತು ಚಾವಡಿ ಮುಟ್ಟುವಷ್ಟರಲ್ಲಿ 'ಸತ್ತಾನ' ಹೋಗಿ 'ಕೊಂದಾರ' ಆಗಿತ್ತು. ಮಧ್ಯಾಹ್ನಕ್ಕೆ ಕೊಂದವನ ಹೆಸರೂ ಸಿಕ್ಕಿತು: ಓಣಿಯ ಪಿಂಜಾರ ಬದ್ರೋದ್ದೀನನ ತಮ್ಮ ನಿಜಾಮೋದ್ದೀನ. ಅವನು ಭಾಲ್ಕಿಯಲ್ಲಿದ್ದ, ಅಷ್ಟೇ ಸಾಕಾಯಿತು.

ಬಕ್ಕಪ್ಪ ನಂಬಿದ. ಕೊಡಲಿ ಹಿಡಿದು ಬದ್ರೋದ್ದೀನನ ಮನೆಗೆ ನಡೆದ. ಹಿಂದೆ ಇನ್ನಷ್ಟು ಗಂಡಸರು ಕೂಡಿದರು.

ಬದ್ರೋದ್ದೀನನ ಹೊಸ್ತಿಲ ಮೇಲೆ ಪಂಢರಿಯ ಹೆಂಡತಿ ಹೀರಾಬಾಯಿ ಆಗಲೇ ಬಂದು ಕೂತಿದ್ದಳು. ಪಕ್ಕದಲ್ಲಿ ಬದ್ರೋದ್ದೀನನ ಹೆಂಡತಿ ಅನ್ವರಿ ಬೇಗಂ.

"ಸರೀರಿ ವೈನಿ," ಅಂದ ಬಕ್ಕಪ್ಪ ಅತ್ತಿಗೆಗೆ.

"ಸುದ್ದಿ ನಿನಗ ಯಾರು ಹೇಳಿದ್ರು?"

"ಊರೆಲ್ಲ ಹೇಳ್ಳಿಕತ್ತದರಿ."

"ಊರಿಗಿ ಯಾರು ಹೇಳಿದ್ರು? ಕಣ್ಣಿಲೆ ನೋಡಿದಂವ ಯಾರು?"

ಬಕ್ಕಪ್ಪನ ಹಿಂದಿನಿಂದ ಒಬ್ಬ ಅಂದ, "ರಜಾಕಾರರು ನಮಗ ಕೇಳಿ ಹೊಡದಾರೇನ್ರಿ? ನಾವ್ಯಾಕ ಕೇಳಬೇಕು?"

"ನನ್ನ ಗಂಡ ಹೋಗಿದ್ರ ನನ್ನ ಕುಂಕುಮ ಹೋಗೇದ, ನಿಮ್ದಲ್ಲ," ಅಂದಳು ಹೀರಾಬಾಯಿ. "ಬಕ್ಕಪ್ಪಾ, ಭಾಲ್ಕಿಗಿ ಹೋಗು. ಕೇಳ್ಕೊಂಡು ಬಾ. ನೀ ಬರೋತನಕ ನಾ ಇಲ್ಲೇ ಕೂಡ್ತೇನಿ. ಒಳಗ ಹೋಗೋರು ನನಗ ತುಳಕೊಂಡು ಹೋಗ್ರಿ."

ಬಕ್ಕಪ್ಪ ಹೋದದ್ದು ಹಟಕ್ಕೆ. ಪುರಾವೆ ತಂದರೆ ಆಮೇಲೆ ವೈನಿಯೂ ಅಡ್ಡ ಬರುವುದಿಲ್ಲ ಅಂದುಕೊಂಡ. ಭಾಲ್ಕಿಯಲ್ಲಿ ನಿಜಾಮೋದ್ದೀನನ ಮನೆಗೆ ಕೀಲಿ ಬಿದ್ದಿತ್ತು. ಫೌಜು ಬರುವ ಮೊದಲೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೀದರಕ್ಕೆ ಹೋದನೆಂದು ನೆರೆಯವರು ಹೇಳಿದರು. ಬಕ್ಕಪ್ಪ ಸಿಕ್ಕಸಿಕ್ಕವರನ್ನು ಕೇಳುತ್ತ ಮಾಂಜ್ರಾ ಹೊಳೆಯ ಕಡೆ ತಿರುಗಿದ. ದಂಡೆಯ ಹಳ್ಳಿಯೊಂದರಲ್ಲಿ, ಕೇಶರಬಾಯಿ ಎಂಬ ಒಕ್ಕಲಗಿತ್ತಿಯ ದೊಡ್ಡಿಯಲ್ಲಿ, ತಮ್ಮ ಮನೆಯ ಕಿವಿಗುರುತಿನ ಕುರಿಗಳು ಕಂಡವು.

"ನಿಮ್ಮವೇನಪ್ಪ ಇವು?" ಅಂದಳು ಆಕೆ. "ಕೂಡು, ನೀರು ಕುಡಿ. ಫೌಜು ಬಂದಾಗ ವಿಮಾನದ ಸಪ್ಪಳಕ್ಕ ಕುರಿ ಬೆದರಿ ಹೊಳಿಗಿ ಬಿದ್ದವು. ಹೊಳಿ ತುಂಬಿತ್ತು. ಹಿಂದ ಕುರಿಯಂವನೂ ಇಳದ. ನಾ ದಂಡಿ ಮ್ಯಾಲ ನಿಂತು ಬ್ಯಾಡಪ್ಪ ಬ್ಯಾಡ ಅಂದೆ. ಕುರಿ ದಡ ಹತ್ತಿದವು, ಅಂವ ಹತ್ತಲಿಲ್ಲ. ಮರುದಿನ ಸಿಕ್ಕ. ನಾವೇ ಮಣ್ಣು ಮಾಡೀವಿ. ದಂಡಿ ಮ್ಯಾಲ ಬಿಟ್ಟ ಅಂವನ ಕಂಬಳಿ ಇಲ್ಲೇ ಅದ, ಒಯ್ಯಿ."

ಬಕ್ಕಪ್ಪ ಅಣ್ಣನನ್ನು ಹೂಳಿದ ಮಣ್ಣಿನ ಗುಡ್ಡೆಯ ಮುಂದೆ ಕೂತ. ದಾರಿಯುದ್ದಕ್ಕೂ ಹೊತ್ತು ತಂದ ಸಿಟ್ಟನ್ನು ಯಾರ ಮೇಲೆ ಇಳಿಸಬೇಕೋ ತಿಳಿಯಲಿಲ್ಲ. ತಾನು ಮೊದಲೇ ಕೊಡಲಿ ಬೀಸಿದ್ದರೆ, ಈ ಮಾತು ಆಮೇಲೆ ಕೇಳಬೇಕಾಗುತ್ತಿತ್ತು.

ಕುರಿ ಹೊಡೆದುಕೊಂಡು ಊರಿಗೆ ಬಂದಾಗ ಗಂಡಸರು ಓಣಿಯಲ್ಲೇ ಕಾಯುತ್ತಿದ್ದರು. ಅವನ ಹೆಗಲ ಮೇಲೆ ಪಂಢರಿಯ ಕಂಬಳಿ ನೋಡಿ ಬಡಿಗೆಗಳು ಮೇಲೆದ್ದವು. ಅವನು ಬಾಯಿ ಮುಚ್ಚಿಕೊಂಡು ನಿಂತಿದ್ದರೂ ಸಾಕಿತ್ತು, ಬದ್ರೋದ್ದೀನನ ಮನೆ ಉಳಿಯುತ್ತಿರಲಿಲ್ಲ.

"ಅಣ್ಣ ಹೋದ," ಅಂದ ಬಕ್ಕಪ್ಪ. "ಹೊಳಿ ಒಯ್ದದ. ಯಾರೂ ಕೊಂದಿಲ್ಲ. ನಾ ನಂಬಿದ್ದು ಸುಳ್ಳು, ನೀವು ಕೇಳಿದ್ದೂ ಸುಳ್ಳು. ಮನಿಗಿ ಹೋಗ್ರಿ."

ಹೊಸ್ತಿಲ ಮೇಲೆ ಕೂತೇ ಇದ್ದ ಹೀರಾಬಾಯಿ ಕಂಬಳಿ ತಗೊಂಡು ಮಡಿಲಲ್ಲಿ ಇಟ್ಟುಕೊಂಡಳು. ಅವಳು ಕುಸಿಯುವಾಗ ಅನ್ವರಿ ಬೇಗಂ ಹಿಡಿದಳು. ಗಂಡಸರು ಒಬ್ಬೊಬ್ಬರಾಗಿ ಸರಿದರು. ಬದ್ರೋದ್ದೀನ ಹೊರಗೆ ಬಂದು ಬಕ್ಕಪ್ಪನ ಜೊತೆ ಕುರಿಗಳನ್ನು ದೊಡ್ಡಿಗೆ ಹೊಡೆದ.

ಕೇಳಿಕೊಂಡು ಬರಲು ಯಾರೂ ಹೋಗದ ಊರುಗಳೂ ಆ ದಿನಗಳಲ್ಲಿ ಇದ್ದವು. ಅಲ್ಲಿ ಏನಾಯಿತೆಂದು ಅಲ್ಲಿಯ ಹಿರಿಯರು ಇವತ್ತಿಗೂ ಸಣ್ಣ ದನಿಯಲ್ಲಿ ಹೇಳುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ದೇಶದೇಶಗಳ ನಡುವಿನ ಶಾಂತಿಯ ಕರಾರಿಗೆ ಸಹಿ ಹಾಕುವುದು ನಮ್ಮ ಕೈಯಲ್ಲಿಲ್ಲ. ಆದರೆ ಗಡಿಯ ಜಗಳ ನಮ್ಮ ಓಣಿಗೆ ಇಳಿಯದಂತೆ ತಡೆಯುವುದು ನಮ್ಮ ಕೈಯಲ್ಲಿದೆ. ಈಗ ಸುದ್ದಿ ಬಾವಿಯ ಹತ್ತಿರ ಬರುವುದಿಲ್ಲ, ಮೊಬೈಲಿನಲ್ಲಿ ಬರುತ್ತದೆ. ನೋಡಿದವರು ಯಾರೆಂದು ಗೊತ್ತಾಗುವವರೆಗೆ ಅದನ್ನು ಮುಂದೆ ಕಳಿಸಬೇಡಿ. ಆಚೆ ದೇಶದಲ್ಲೂ ಹೊಲ ಉಳುವವರು, ಮಕ್ಕಳನ್ನು ಶಾಲೆಗೆ ಕಳಿಸುವವರು ಇದ್ದಾರೆಂದು ನಿಮ್ಮ ಮಕ್ಕಳಿಗೆ ಹೇಳಿ. ಗದ್ದಲದ ದಿನ ಯಾವ ನೆರೆಮನೆಯವರು ಬಾಗಿಲು ಹಾಕಿಕೊಂಡಿದ್ದಾರೋ, ಮೊದಲು ಅವರ ಬಾಗಿಲಿಗೆ ಹೋಗಿ, ಊಟ ಆಯ್ತಾ ಅಂತ ಕೇಳಿ.