ಉಂಗುಟಕ್ಕೆ ಕಟ್ಟಿದ ಹುರಿ

ಕುರಿಗಾರ ಭೀಮಲಿಂಗಪ್ಪನ ಗೊರಕೆಗೆ ಆಸ್ಪರಿ ಸುತ್ತಿನ ಊರುಗಳಲ್ಲೆಲ್ಲ ಹೆಸರಿತ್ತು. ಆಳು ನೋಡಿದರೆ ಒಣಗಿದ ಹತ್ತಿಕಟ್ಟಿಗೆ. ಆ ಮೈಯೊಳಗಿಂದ ಅಷ್ಟು ದೊಡ್ಡ ಸದ್ದು ಹೇಗೆ ಹೊರಡುತ್ತದೆ ಅನ್ನುವುದೇ ಸೋಜಿಗ. ಎದುರು ಮನೆಯ ದಸ್ತಗಿರಮ್ಮನಂತೂ, "ಯಕ್ಕಾ, ನಿನ್ನ ಗಂಡ ಮಲಗಿದ್ರ ನಮ್ಮ ಮನ್ಯಾಗ ಮಿಕ್ಸಿ ತಿರುಗೋದೂ ಕೇಳಂಗಿಲ್ಲ ನೋಡು" ಎಂದು ಕೈತಟ್ಟಿ ನಗುತ್ತಿದ್ದಳು. ನಗಲಿ ಬಿಡಿ, ನಗುವವರ ಗಂಟೇನು ಹೋಗುತ್ತದೆ! ಊರಿಗೆ ಕೇಳಿಸುತ್ತಿದ್ದದ್ದು ಬರೀ ಗೊರಕೆ. ಅದು ನಡುನಡುವೆ ನಿಲ್ಲುತ್ತಿತ್ತು ಎಂಬುದು ಗೊತ್ತಿದ್ದದ್ದು ಅವನ ಹೆಂಡತಿ ಉಚ್ಚಮ್ಮ ಒಬ್ಬಳಿಗೆ.

ಗೊರಕೆ ಏರುತ್ತಾ ಏರುತ್ತಾ ಹೋಗಿ ತಟಕ್ಕನೆ ನಿಂತುಬಿಡುವುದು. ಎದೆ ಮಾತ್ರ ಎಳೆದಾಡುತ್ತಿರುವುದು. ಗಾಳಿ ಒಳಗೂ ಹೋಗದು, ಹೊರಗೂ ಬಾರದು. ತುಟಿ ಕಪ್ಪಿಡುವುದು. ಮೊದಲ ಸಲ ಅದನ್ನು ಕಂಡ ದಿನ ಉಚ್ಚಮ್ಮನಿಗೆ ಜೀವ ಬಾಯಿಗೆ ಬಂದಿತ್ತು. ಗಂಡನ ಎರಡೂ ಭುಜ ಹಿಡಿದು ಅಲುಗಾಡಿಸಿದ್ದಳು. ಅವನು ಗುಟುರು ಹಾಕಿ ಉಸಿರೆಳೆದು, "ನಿದ್ದಿ ಮಾಡಾಕ ಬಿಡಲೇ, ನಿನ್ನ ಕಾಟ ಒಂದು" ಎಂದು ಬೈದು ಮಗ್ಗಲು ಬದಲಿಸಿದ. ಬೈದರೆ ಬೈಯಲಿ, ಉಸಿರಂತೂ ಬಂತಲ್ಲ. ಎಬ್ಬಿಸಿದರೆ ಗಂಡ ಉಳಿಯುತ್ತಾನೆ, ಎಬ್ಬಿಸದಿದ್ದರೆ ಇಲ್ಲ ಎಂದು ಅವಳು ಅಂದೇ ತೀರ್ಮಾನ ಮಾಡಿಬಿಟ್ಟಳು.

ಭೀಮಲಿಂಗಪ್ಪನದು ಹಗಲು ನಿದ್ದೆ. ರಾತ್ರಿಯೆಲ್ಲ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿ ಕಾವಲು ಕೂರುವನು. ಬೆಳಗ್ಗೆ ಕುರಿಗಳನ್ನು ತಮ್ಮ ಮಾರೆಣ್ಣನಿಗೆ ಒಪ್ಪಿಸಿ, ಮನೆಗೆ ಬಂದು ರೊಟ್ಟಿ ತಿಂದು ಅಡ್ಡಾಗುವನು. ಅವನು ಮಲಗಿದಷ್ಟು ಹೊತ್ತೂ ಇವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಹತ್ತಿ ಬಿಡಿಸುವ ಕೂಲಿಗೆ ಹೋಗುವುದು ನಿಂತಿತು. ನೆಂಟರ ಮದುವೆಗಳಿಗೆ ಹೋಗುವುದು ನಿಂತಿತು. ಹಾಲಹರವಿಗೆ ಕೊಟ್ಟ ಮಗಳು ನಾಗಜ್ಯೋತಿ ಎರಡನೆಯ ಸಲ ತುಂಬು ಬಸುರಿ, ಅವಳ ಅತ್ತೆ ತೀರಿಹೋಗಿದ್ದಾಳೆ, "ಅವ್ವಾ, ಒಂದು ವಾರನಾದ್ರೂ ಬಂದು ಇರಬೇ" ಎಂದು ಫೋನಿನಲ್ಲಿ ಅಳುತ್ತಾಳೆ. ಏನಂತ ಹೇಳುವುದು? ನಾನು ಬಂದರೆ ನಿನ್ನ ಅಪ್ಪನ ಉಸಿರು ನಿಲ್ಲುತ್ತದೆ ಎಂದು ಬಸುರಿ ಮಗಳಿಗೆ ಹೇಳಲಾಗುತ್ತದೆಯೇ? ನೋಡೋಣ ತಡಿ ಎಂದು ಫೋನಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು.

ಮೈಮುಟ್ಟಿ ಎಬ್ಬಿಸಿದರೆ ಬೈಗುಳ ತಪ್ಪದು. ಅದಕ್ಕೇ ಅವಳು ಕುರಿಗಾರರ ಉಪಾಯವನ್ನೇ ಹಿಡಿದಿದ್ದಳು. ಮಂದೆ ಕಾಯುವವರು ಮುಂದಾಳು ಟಗರಿನ ಕಾಲಿಗೂ ತಮ್ಮ ಮುಂಗೈಗೂ ಸೇರಿಸಿ ಒಂದು ಉಣ್ಣೆ ಹುರಿ ಕಟ್ಟಿಕೊಳ್ಳುತ್ತಾರೆ. ಟಗರು ಎದ್ದರೆ ಹುರಿ ಜಗ್ಗುತ್ತದೆ, ಕಾವಲಿನವನಿಗೆ ಎಚ್ಚರವಾಗುತ್ತದೆ. ಉಚ್ಚಮ್ಮ ಅಂಥದೇ ಹುರಿಯ ಒಂದು ತುದಿಯನ್ನು ಗಂಡನ ಕಾಲಿನ ಉಂಗುಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕಿಟಕಿಯಿಂದ ಹೊರಗೆ ತಂದು, ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುವಳು. ಗೊರಕೆ ನಿಂತಿತೋ, ಒಂದು ಜಗ್ಗು. ಅವನು ಪೂರಾ ಏಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಗುಟುರು ಹಾಕಿ ಉಸಿರೆಳೆದು ಮತ್ತೆ ಮಲಗುತ್ತಿದ್ದ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರಲ್ಲ, ಅವನ ಪಾಲಿನ ಚಿಂತೆಯನ್ನೂ ಇವಳೇ ಹೊತ್ತುಕೊಂಡಿದ್ದಳು.

ಇಷ್ಟೆಲ್ಲ ಮಾಡಿದರೂ ಅವನ ತೂಕಡಿಕೆ ಹೋಗಲಿಲ್ಲ. ನಿಂತಲ್ಲೇ ಕೋಲಿಗೆ ಗದ್ದ ಊರಿ ತೂಗುವನು. ಬೈಕಿನ ಮೇಲೆ ಬರುತ್ತಾ ಕಣ್ಣು ಮುಚ್ಚಿ, ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ನುಗ್ಗಿದ್ದೂ ಆಯಿತು. ಆವತ್ತು ಉಚ್ಚಮ್ಮನೇ ಅವನನ್ನು ಎಳೆದುಕೊಂಡು ಆಸ್ಪರಿಯ ದವಾಖಾನೆಗೆ ಹೋದಳು. ಅಲ್ಲಿ ಸಿಕ್ಕವಳು ಹಾರಿಕಾ.

ಹಾರಿಕಾ ಗೋನೆಗಂಡ್ಲದ ಹುಡುಗಿ. ಕರ್ನೂಲಿನಲ್ಲಿ ದೊಡ್ಡ ಡಾಕ್ಟರ ಓದು ಓದುತ್ತಾ, ನಿದ್ದೆಯಲ್ಲಿ ಜನರ ಉಸಿರು ಹೇಗೆ ನಡೆಯುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದಳು, ಆ ಕೆಲಸಕ್ಕೇ ಆಸ್ಪರಿಗೆ ಬಂದಿದ್ದಳು. "ಇದು ದಪ್ಪ ಮೈಯವ್ರ ರೋಗ ಅಂತ ಎಲ್ಲಾರೂ ಅಂತಾರ ಪೆದ್ದಮ್ಮಾ," ಎಂದಳು ಉಚ್ಚಮ್ಮನಿಗೆ, ತೆಲುಗು ರೂಢಿಯಲ್ಲಿ ದೊಡ್ಡಮ್ಮ ಎಂದು ಕರೆಯುತ್ತಾ. "ಬಿಸಿಲಾಗ ನಡಿಯೋ ತೆಳ್ಳನ ಮಂದಿಗೂ ಬರ್ತೈತಾ ಅಂತ ನಾವು ನೋಡ್ತಾ ಇದೀವಿ. ಮಲಗಿದಾಗ ಗಂಟಲಿನ ಮಾಂಸ ಸಡ್ಲಾಗಿ ಗಾಳಿ ದಾರಿ ಮುಚ್ಕೊಂತೈತಿ. ಜಾಸ್ತಿ ಇದ್ದವ್ರಿಗೆ ಮೂಗಿಗೆ ಹಾಕ್ಕೊಳ್ಳೋ ಮಿಷಿನ್ ಕೊಡ್ತೀವಿ. ಅದು ಗಾಳಿ ಒತ್ತಿ ದಾರಿ ತೆರದು ಇಡ್ತದ. ಆದ್ರ ಮೊದಲು ಪರೀಕ್ಷೆ ಆಗಬೇಕು."

ಮಿಷಿನ್ ಎಂದ ಕೂಡಲೇ ಉಚ್ಚಮ್ಮನ ಕಿವಿ ನೆಟ್ಟಗಾಯಿತು. ಅಂಥದೊಂದು ಮನೆಗೆ ಬಂದರೆ ಹಾಲಹರವಿಗೆ ಹೋಗಬಹುದು, ಮಗಳ ತಲೆ ಸವರಬಹುದು.

ಮರುದಿನವೇ ಹಾರಿಕಾ ಮನೆಗೆ ಬಂದು ಭೀಮಲಿಂಗಪ್ಪನ ಬೆರಳಿಗೆ ಕ್ಲಿಪ್ಪು, ಎದೆಗೆ ಬೆಲ್ಟು, ಮೂಗಿಗೆ ಸಣ್ಣ ಪೈಪು ಹಾಕಿದಳು. "ನಾನೇನು ಹೋರಿಯೇನವ್ವಾ, ಹಿಂಗ ಮೂಗದಾರ ಹಾಕಾಕ?" ಎಂದು ಅವನು ತಮಾಷೆ ಮಾಡಿದ. ಹೊರಡುವಾಗ ಹಾರಿಕಾ ಉಚ್ಚಮ್ಮನಿಗೆ ಒತ್ತಿ ಹೇಳಿದಳು: "ಹತ್ತಿರ ಕೂಡಬ್ಯಾಡ್ರಿ. ಮುಟ್ಟಬ್ಯಾಡ್ರಿ, ಕೂಗಬ್ಯಾಡ್ರಿ. ಸರೇನಾ?"

ಉಚ್ಚಮ್ಮ ದೇವರ ಮಾತಿನಂತೆ ಪಾಲಿಸಿದಳು. ಹತ್ತಿರ ಕೂರಲಿಲ್ಲ, ಮುಟ್ಟಲಿಲ್ಲ, ಕೂಗಲಿಲ್ಲ. ದಿನದ ಹಾಗೆ ಹೊರಗೆ ಕಟ್ಟೆಯ ಮೇಲೆ ಕೂತು, ಗೊರಕೆ ನಿಂತಾಗಲೆಲ್ಲ ಹುರಿ ಜಗ್ಗಿದಳು. ಪರೀಕ್ಷೆಯ ದಿನವೇ ಗಂಡ ಸತ್ತರೆ ಗತಿಯೇನು ಎಂದು ಎಂದಿಗಿಂತ ಚುರುಕಾಗಿಯೇ ಜಗ್ಗಿದಳು.

ಮೂರನೆಯ ದಿನ ಹಾರಿಕಾ ಲ್ಯಾಪ್‌ಟಾಪ್ ಹಿಡಿದು ಬಂದಳು. "ಕಂಪ್ಯೂಟರ್ ಲೆಕ್ಕದಾಗ ಇವ್ರಿಗೆ ದೊಡ್ಡ ತೊಂದ್ರಿ ಏನಿಲ್ಲ" ಎಂದಳು.

"ಕೇಳಿದೇನು?" ಭೀಮಲಿಂಗಪ್ಪ ಮೀಸೆಯ ಮೇಲೆ ಕೈಯಾಡಿಸಿದ. "ನನಗ ಏನೂ ಆಗಿಲ್ಲ. ರೋಗ ಇರೋದು ನಿನ್ನ ತಲ್ಯಾಗ." ಹೆಗಲಿಗೆ ಟವೆಲು ಹಾಕಿಕೊಂಡು ಚಹಾ ಕುಡಿಯಲು ಹೊರಟೇಹೋದ.

ಉಚ್ಚಮ್ಮನ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಇನ್ನು ಮಿಷಿನ್ ಇಲ್ಲ, ಅವನು ಮತ್ತೆ ದವಾಖಾನೆಯ ಮೆಟ್ಟಿಲು ಹತ್ತುವುದೂ ಇಲ್ಲ. ಆದರೆ ಹಾರಿಕಾ ಜಾಗ ಬಿಟ್ಟು ಏಳಲಿಲ್ಲ. ಪರದೆಯ ಮೇಲಿನ ಗೆರೆಗಳನ್ನು ತೋರಿಸುತ್ತಾ, "ನನಗಿದು ಒಪ್ಪಿಗಿ ಆಗವಲ್ದು ಪೆದ್ದಮ್ಮಾ. ನೋಡ್ರಿ, ಇಲ್ಲಿ ಉಸಿರು ನಿಲ್ಲಾಕ ಶುರು ಆಗೈತಿ. ಅಷ್ಟರಾಗ ಮೈ ಅದುರೈತಿ, ನಾಡಿ ಜಿಗಿದೈತಿ. ಪ್ರತಿ ಸಲನೂ ಹಿಂಗ. ಇವ್ರನ್ನ ಯಾರೋ ಎಬ್ಬಿಸ್ಯಾರ," ಎಂದಳು.

"ನಾ ಮುಟ್ಟಿಲ್ಲವ್ವಾ. ನಮ್ಮ ಜ್ಯೋತಿ ಮ್ಯಾಲ ಆಣಿ. ಬರೇ ಹುರಿ ಜಗ್ಗೀನಿ."

"ಯಾವ ಹುರಿ?"

ಉಚ್ಚಮ್ಮ ಗೂಟಕ್ಕೆ ನೇತುಹಾಕಿದ್ದ ಹುರಿಯನ್ನು ತಂದು ತೋರಿಸಿದಳು. ಉಂಗುಟದ ಕಡೆಯ ಗಂಟು ಎಷ್ಟೋ ವರ್ಷದ ಉಜ್ಜಾಟಕ್ಕೆ ನುಣ್ಣಗಾಗಿತ್ತು. ಹಾರಿಕಾಳಿಗೆ ಮೊದಲು ನಗು ಬಂತು. ಆಮೇಲೆ ಆ ಗಂಟನ್ನು ಬೆರಳಿನಿಂದ ಸವರಿ ನೋಡಿದಳು.

"ಹತ್ತು ಸೆಕೆಂಡ್ ಉಸಿರು ನಿಂತ್ರ ಮಾತ್ರ ನಮ್ಮ ಲೆಕ್ಕಕ್ಕ ಬರ್ತೈತಿ ಪೆದ್ದಮ್ಮಾ. ನೀವು ಅಷ್ಟು ನಿಲ್ಲಾಕ ಬಿಟ್ಟೇ ಇಲ್ಲ. ರೋಗ ಮುಚ್ಚಿಟ್ಟವ್ರು ನೀವೇ. ಇನ್ನೊಂದು ಸಲ ಪರೀಕ್ಷೆ ಮಾಡೋಣ. ಈ ಸಲ ಜಗ್ಗಬಾರ್ದು."

"ಜಗ್ಗದಿದ್ರ ಸಾಯ್ತಾನ!" ಉಚ್ಚಮ್ಮ ಕಿರುಚಿದಳು. ಗಂಡನನ್ನು ಬಹುವಚನದಲ್ಲಿ ಕರೆಯಬೇಕೆಂಬುದೂ ಮರೆತುಹೋಗಿತ್ತು.

"ಇಲ್ಲ. ಉಸಿರು ಕಟ್ಟಿದ್ರ ಮೆದುಳೇ ಎಬ್ಬಿಸ್ತೈತಿ. ಹಂಗ ಎದ್ದು ಎದ್ದೇ ನಿದ್ದಿ ಹಾಳಾಗಿ ತೂಕಡಿಸ್ತಾರ. ವರ್ಷಗಟ್ಟಲೆ ಬಿಟ್ರ ಗುಂಡಿಗಿಗೆ ಕೆಟ್ಟದ್ದು, ಅದು ಖರೆ. ನಾನು ಪಕ್ಕದಾಗ ಕೂತಿರ್ತೀನಿ. ಆಕ್ಸಿಜನ್ ತೀರಾ ಇಳಿದ್ರ ನಾನೇ ಎಬ್ಬಿಸ್ತೀನಿ."

ಉಚ್ಚಮ್ಮ ಹುರಿಯನ್ನು ಕೈಗೆ ಸುತ್ತಿದಳು, ಬಿಚ್ಚಿದಳು. ಕಡೆಗೆ, "ಹುರಿ ಕಟ್ಟಿರಲಿ. ತುದಿ ನಿನ್ನ ಕೈಯಾಗ ಇಟ್ಕೋ ತಾಯೀ. ನನ್ನ ಕೈ ನನ್ನ ಮಾತು ಕೇಳಂಗಿಲ್ಲ," ಎಂದಳು.

ಅವನನ್ನು ಒಪ್ಪಿಸುವುದೇನು ಕಷ್ಟವಾಗಲಿಲ್ಲ. ಮರುದಿನ ಬೆಳಗ್ಗೆ ಬಂದವನು, "ಏನೂ ಇಲ್ಲಂದ್ಮ್ಯಾಲ ಮತ್ತ್ಯಾಕವ್ವಾ?" ಎಂದು ಗೊಣಗುತ್ತಲೇ ಕ್ಲಿಪ್ಪು, ಪೈಪು ಹಾಕಿಸಿಕೊಂಡು ತಲೆ ನೆಲಕ್ಕೆ ಹಚ್ಚಿದ. ಹಚ್ಚಿದ್ದೇ ತಡ, ಗೊರಕೆ ಎದ್ದಿತು. ಹಾರಿಕಾ ಅವನ ಕಾಲ ಬಳಿ ಲ್ಯಾಪ್‌ಟಾಪ್ ತೆರೆದು ಕೂತಳು, ಹುರಿಯ ತುದಿ ಅವಳ ಮುಂಗೈಯಲ್ಲಿ. ಉಚ್ಚಮ್ಮ ಅವನ ತಲೆಯ ಹಿಂದೆ ಬಾಗಿಲಿಗೆ ಒರಗಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು.

ಗೊರಕೆ ನಿಂತಿತು. ಉಚ್ಚಮ್ಮನ ಉಸಿರೂ ನಿಂತಿತು. ಅವನ ಎದೆ ಎಳೆಯುತ್ತಿದೆ, ಹೊಟ್ಟೆ ಒಳಗೆ ಹೋಗುತ್ತಿದೆ, ಗಾಳಿ ಮಾತ್ರ ಇಲ್ಲ. ಅವಳು ಹಾರಿಕಾಳ ಮುಖ ನೋಡಿದಳು; ಹಾರಿಕಾ ಪರದೆ ನೋಡುತ್ತಿದ್ದಳು. ಎಂಥ ಕಲ್ಲು ಮನಸ್ಸಿನ ಹುಡುಗಿ! ಇಷ್ಟು ದೂರಕ್ಕೆ ತಾನು ಎಂದೂ ಬಿಟ್ಟಿರಲಿಲ್ಲ. ಮಗಳ ಆಸೆಗೆ ಗಂಡನನ್ನು ಕೊಲ್ಲುತ್ತಿದ್ದೇನೆ ಎನ್ನಿಸಿತು. ತಡೆಯಲಾಗದೆ ಅವಳು ಬಾಯಿ ತೆರೆದು ಗಾಳಿ ಎಳೆದುಕೊಂಡಳು. ಅವನಿನ್ನೂ ಎಳೆದಿರಲಿಲ್ಲ.

ಆಮೇಲೆ ಗುಟುರು ಕೇಳಿತು. ಮನೆಯೇ ಅದುರುವಂಥ ಗುಟುರು. ಯಾರೂ ಮುಟ್ಟಲಿಲ್ಲ, ಹುರಿ ಅಲುಗಲಿಲ್ಲ. ಅವನ ಪಾಡಿಗೆ ಅವನೇ ಉಸಿರೆಳೆದಿದ್ದ.

ಮತ್ತೆ ನಿಂತಿತು, ಮತ್ತೆ ಬಂತು. ಬಿಸಿಲು ಹೊಸ್ತಿಲಿನಿಂದ ಅಂಗಳಕ್ಕೆ ಇಳಿಯುವ ತನಕ ಇದೇ ನಡೆಯಿತು. ಉಚ್ಚಮ್ಮನ ಕೈಗಳು ಜೋಮು ಹಿಡಿದಿದ್ದವು.

"ಭಾಳ ಜಾಸ್ತಿ ಐತಿ ಪೆದ್ದಮ್ಮಾ," ಹಾರಿಕಾ ಮೆಲ್ಲಗೆ ಹೇಳಿದಳು. "ಮಿಷಿನ್ ಬೇಕೇ ಬೇಕು. ಈ ವಾರದಾಗ ತಂದು ಹಾಕ್ತೀನಿ."

ಉಚ್ಚಮ್ಮ ಕುಣಿಯಬೇಕಿತ್ತು. ಆದರೆ ಎದೆಯಲ್ಲಿ ಬೇರೇನೋ ಕೂತಿತ್ತು. "ಹಂಗಾರ ನಾ ಜಗ್ಗದಿದ್ರೂ ತಿರುಗಿ ಬರ್ತಿದ್ನೇನು? ಇಷ್ಟು ವರ್ಷ ನಾ ಕಾದದ್ದು ದಂಡ ಆತಲ್ಲವ್ವಾ."

ಅಷ್ಟರಲ್ಲಿ ಭೀಮಲಿಂಗಪ್ಪ ಇನ್ನೊಂದು ಗುಟುರು ಹಾಕಿ, ಎಂದೂ ಇಲ್ಲದ ಹಾಗೆ ಧಡಕ್ಕನೆ ಎದ್ದು ಕೂತ. ಮೂಗಿನ ಪೈಪು ಕಿತ್ತು ಬಿತ್ತು. ಹಣೆಯೆಲ್ಲ ಬೆವರು. ಮೊದಲು ಉಂಗುಟ ಮುಟ್ಟಿ ನೋಡಿಕೊಂಡ. ಆಮೇಲೆ ಕಿಟಕಿಯತ್ತ ತಿರುಗಿ, ಖಾಲಿ ಕಟ್ಟೆ ನೋಡಿ, ಹೆದರಿದ ದನಿಯಲ್ಲಿ ಕೂಗಿದ.

"ಉಚ್ಚೀ! ಏ ಉಚ್ಚೀ!"

"ಇಲ್ಲೇ ಅದೀನಿ," ಎಂದಳು ಹಿಂದಿನಿಂದ.

ಅವನು ತಿರುಗಿ ಅವಳನ್ನು ನೋಡಿದ. ನೋಡುತ್ತಲೇ ಇದ್ದ. "ಎಷ್ಟೊತ್ತಾದ್ರೂ ಹುರಿ ಜಗ್ಗಲಿಲ್ಲ," ಎಂದ. "ನಿನಗೇನೋ ಆತು ಅಂದ್ಕೊಂಡ್ನಿ."

ಎಲಾ ಇವನ! ಒಂದು ದಿನವೂ ಆ ಹುರಿಯ ಸುದ್ದಿ ಎತ್ತದ ಗಂಡ! ಉಚ್ಚಮ್ಮನಿಗೆ ಸಿಟ್ಟು ಬಂತು, ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಹುಡುಗಿ ಎದುರಿಗಿದ್ದಾಳೆ ಎಂಬ ನಾಚಿಕೆಯನ್ನೂ ಬಿಟ್ಟು, ಜೋಮು ಹಿಡಿದ ಕೈಗಳಿಂದ ಅವನ ಮುಖ ಹಿಡಿದುಕೊಂಡಳು.

"ಜಗ್ಗದಿದ್ರೂ ತಿರುಗಿ ಬಂದ್ಯಲ್ಲೋ," ಎಂದಳು. "ಜಗ್ಗದಿದ್ರೂ ಬಂದ್ಯಲ್ಲೋ, ಮಾರಾಯಾ."

"ಎಲ್ಲಿಗೆ ಹೋಗಿದ್ನಿ ನಾನು?" ಎಂದ ಭೀಮಲಿಂಗಪ್ಪ.