ನಾನು ಎಳೆದ ಉದ್ದ ಬಾಲ

ನಾನು ಒಂದು ಪೆನ್ನು. ಅಂಗಡಿಯ ಗಾಜಿನ ಲೋಟದಲ್ಲಿ ನಿಂತು ಗಿರಾಕಿ ಕಾಯುವ ಪೆನ್ನಲ್ಲ. ರಾಷ್ಟ್ರಪತಿ ಚುನಾವಣೆಗೆಂದೇ ಹುಟ್ಟಿದ ಪೆನ್ನು. ನನ್ನ ಶಾಯಿ ನೇರಳೆ. ಮೈಮೇಲೆ ಸರಕಾರದ ನಂಬರು. ಇದನ್ನೆಲ್ಲ ಒಂದು ಕಾಲದಲ್ಲಿ ಜಂಬದಿಂದ ಹೇಳುತ್ತಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ. ಯಾಕೆ ಅಂತ ಕೇಳಿ.

ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ರೀಫಿಲ್ಲು ತುಂಬಿದವಳು ಫರ್ಹಾನಾ. ಪ್ರತಿ ಪೆನ್ನನ್ನೂ ರದ್ದಿ ಕಾಗದದ ಮೇಲೆ ಗೀಚಿ ನೋಡುವುದು ಅವಳ ಕೆಲಸ. ನನ್ನನ್ನು ಗೀಚಿ, "ಇದು ನೋಡೇ, ಬೆಣ್ಣೆ ತರ ಓಡ್ತದೆ!" ಎಂದು ಪಕ್ಕದವಳಿಗೆ ತೋರಿಸಿದಳು. ಶಾಸಕರು ಸ್ವಂತ ಪೆನ್ನಿನಲ್ಲಿ ಗುರುತು ಮಾಡಿದರೆ ಮತ ರದ್ದು. ಎಲ್ಲ ಮತಗಳೂ ಒಂದೇ ಬಣ್ಣದಲ್ಲಿರಬೇಕು, ಯಾರು ಯಾರಿಗೆ ಹಾಕಿದರೆಂದು ನರಪಿಳ್ಳೆಗೂ ತಿಳಿಯಬಾರದು. ಅದಕ್ಕೇ ನನ್ನನ್ನು ಮಾಡಿದ್ದು. ಅಬ್ಬಾ, ಎಷ್ಟು ಬೀಗಿದ್ದೆ ನಾನು!

ಮತದಾನದ ದಿನ ಬೆಳಿಗ್ಗೆ ವಿಧಾನಸೌಧದ ಒಂದು ಕೊಠಡಿಯಲ್ಲಿ ಸೀಲು ಒಡೆದು ನನ್ನನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ತಿಪ್ಪೇಸ್ವಾಮಿ ಬಂದವರ ಸ್ವಂತ ಪೆನ್ನು ಇಸಿದುಕೊಂಡು ಸ್ಟೀಲ್ ತಟ್ಟೆಯಲ್ಲಿಟ್ಟು, ನನ್ನನ್ನು ಕೊಡುತ್ತಿದ್ದರು. ಜನರು ಒಂದೇ ಮನೆಯಲ್ಲಿ ಬಾಳಿ ಮುದುಕರಾಗುತ್ತಾರೆ. ನಾನು ಒಂದೇ ಹಗಲಿನಲ್ಲಿ ನೂರಾರು ಕೈ ಕಂಡೆ. ಐದು ಬೆರಳಿಗೂ ಉಂಗುರ ಹಾಕಿದ ಕೈ. ತಿಂಡಿ ತಿಂದು ತೊಳೆಯದ ಕೈ. ಹಾರ ಹಾಕಿಸಿಕೊಂಡೇ ಅಭ್ಯಾಸವಾಗಿ ಪೆನ್ನು ಹಿಡಿಯುವುದನ್ನೇ ಮರೆತ ಕೈ.

ಬಾಗಿಲ ಹೊರಗೆ ಆಡಳಿತ ಪಕ್ಷದ ಸಚೇತಕ ಶಿವಲಿಂಗಯ್ಯ ಪಟ್ಟಿ ಹಿಡಿದು ಕೂತಿದ್ದರು. ಬಾಗಿಲು ತೆರೆದೇ ಇದ್ದುದರಿಂದ ಅವರ ಮಾತೆಲ್ಲ ನನಗೆ ಕೇಳುತ್ತಿತ್ತು. "ಉತ್ತರದಲ್ಲಿ ನಮ್ದು ಗಟ್ಟಿ ಇದೆ. ಒಡಿಶಾ ಹೇಳಕ್ಕಾಗಲ್ಲ. ಪಂಜಾಬ್ ಕೈ ಬಿಟ್ಟ ಹಾಗೇ. ಇನ್ನು ಕರ್ನಾಟಕ ಒಂದು ನಿಂತರೆ ನಮ್ಮ ಕ್ಯಾಂಡಿಡೇಟು ಗೆದ್ದ ಹಾಗೆ" ಎಂದು ಫೋನಿನಲ್ಲಿ ದಿಲ್ಲಿಗೆ ಹೇಳುತ್ತಿದ್ದರು. ನಮ್ಮ ರಾಜ್ಯದ ಒಬ್ಬ ಶಾಸಕರ ಮತಕ್ಕೆ ನೂರ ಮೂವತ್ತೊಂದು ಮತದ ತೂಕ. ಹತ್ತು ಜನ ಅತ್ತಿತ್ತ ಆದರೂ ಲೆಕ್ಕ ತಲೆಕೆಳಗು. ಈ ಚುನಾವಣೆಗೆ ಇಂಥವರಿಗೇ ಹಾಕಿ ಎಂಬ ಪಕ್ಷದ ವಿಪ್ ನಡೆಯುವುದಿಲ್ಲ. ಹಾಗಾಗಿ ಶಿವಲಿಂಗಯ್ಯ ಒಂದು ಉಪಾಯ ಹೂಡಿದ್ದರು. ಇಲ್ಲಿ ಮತ ಹಾಕುವುದೆಂದರೆ ಬೇಕಾದವರ ಹೆಸರಿನೆದುರು ಒಂದು ಎಂದು ಬರೆಯುವುದು. ಅನುಮಾನವಿದ್ದ ಹನ್ನೊಂದು ಮಂದಿ ಶಾಸಕರಿಗೆ ಹನ್ನೊಂದು ಬಗೆಯಲ್ಲಿ ಒಂದರ ಅಂಕಿ ಬರೆಯಲು ಹೇಳಿದ್ದರು. ಒಬ್ಬರದಕ್ಕೆ ಒಳಗೆ ಚುಕ್ಕೆ, ಒಬ್ಬರದಕ್ಕೆ ಮೇಲೆ ಕೊಂಬು. ಎಣಿಕೆಯ ದಿನ ದಿಲ್ಲಿಯಲ್ಲಿ ಪಕ್ಷದ ಏಜೆಂಟರು ಅಂಕಿ ನೋಡಿಯೇ ಮತ ಯಾರದೆಂದು ಹೇಳಬೇಕು.

ಮಧ್ಯಾಹ್ನದ ಹೊತ್ತಿಗೆ ಯಂಕನಗೌಡರು ಬಂದರು. ಗದಗ ಕಡೆಯವರು, ನಾಲ್ಕು ಸಲ ಗೆದ್ದ ಶಾಸಕರು. ಶಿವಲಿಂಗಯ್ಯ ತಡೆದರು.

"ಗೌಡ್ರೇ, ನೀವು ಕನ್ನಡದ ಒಂದು ಬರೀರಿ. ಬಾಲ ಮಾತ್ರ ಕೆಳಗಿನ ಗೆರೆವರೆಗೂ ಎಳೀಬೇಕು."

"ನನ್ನ ಮ್ಯಾಲೂ ಸಂಶಯ ಏನ್ರೀ? ಇಪ್ಪತ್ತೆರಡು ವರ್ಷ ಆತು ಪಕ್ಷದಾಗ."

"ಎದುರು ನಿಂತಿರೋರು ನಿಮ್ಮೂರ ಡಾಕ್ಟರಮ್ಮ ಅಲ್ವಾ? ಅದಕ್ಕೇ ಹೇಳಿದ್ದು. ಮುಂದಿನ ಸಲ ಟಿಕೆಟ್ ಬೇಕೋ ಬೇಡ್ವೋ?"

"ಆಕಿ ನನ್ನ ಹೆಂಡ್ತೀನ ಬಾಣಂತನದಾಗ ಉಳಿಸಿದಾಕಿ. ಅಕ್ಕಾರಿಗೆ ಮಾತು ಕೊಟ್ಟೀನ್ರೀ" ಎಂದರು ಗೌಡರು. ಶಿವಲಿಂಗಯ್ಯ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗೀಟು ಹಾಕಿದರು.

ಗೌಡರ ಕೈ ನನ್ನನ್ನು ಹಿಡಿದಾಗ ಒದ್ದೆಯಾಗಿತ್ತು. ಮರೆಯಲ್ಲಿ ಮತಪತ್ರದ ಮೇಲೆ ಎರಡೇ ಹೆಸರು. ನನ್ನ ತುದಿ ಮೊದಲು ಡಾಕ್ಟರ್ ಇಂದುಮತಿಯವರ ಹೆಸರಿನ ಎದುರಿಗೆ ಬಂತು. ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಮುಟ್ಟಲಿಲ್ಲ. ಗೌಡರು "ಶಿವಾ" ಎಂದು ಉಸಿರುಬಿಟ್ಟು, ನನ್ನನ್ನು ಪಕ್ಷದ ಅಭ್ಯರ್ಥಿಯ ಹೆಸರಿನೆದುರು ತಂದು ಒಂದು ಬರೆದರು. ಬಾಲವನ್ನು ಕೆಳಗಿನ ಗೆರೆಯವರೆಗೂ ಎಳೆದರು.

ಪೆನ್ನು ಕೈಕೊಡುವುದು ಹೊಸತೇನಲ್ಲ. ಬೇಕಾದ ಹೊತ್ತಿಗೇ ಶಾಯಿ ಹಿಡಿದುಕೊಂಡು ಜನರ ಪ್ರಾಣ ತಿಂದ ಪೆನ್ನುಗಳು ನಮ್ಮ ಕುಲದಲ್ಲಿ ಬೇಕಾದಷ್ಟಿವೆ. ನಾನೂ ಒಂದು ಕ್ಷಣ ತಡೆದಿದ್ದರೆ ಆ ಮನುಷ್ಯ ಮತ್ತೊಮ್ಮೆ ಯೋಚಿಸುತ್ತಿದ್ದನೇನೋ. ನಾನು ತಡೆಯಲಿಲ್ಲ. ಗುಟ್ಟು ಕಾಯಲು ಹುಟ್ಟಿದವನು ಚಾಡಿಕೋರನಾದೆ. ಥೂ ನನ್ನ ಜನ್ಮಕ್ಕೆ!

ಸಂಜೆ ನನ್ನನ್ನು ಲಕೋಟೆಗೆ ಹಾಕಿ, ಅರಗು ಹಚ್ಚಿ ಅದೇ ಮೇಜಿನ ಮೇಲಿಟ್ಟರು. ಮತಪೆಟ್ಟಿಗೆ ವಿಮಾನದಲ್ಲಿ ದಿಲ್ಲಿಗೆ ಹೋಯಿತು. ಎಣಿಕೆ ಮೂರನೆಯ ದಿನ. ಅಂದು ಮಧ್ಯಾಹ್ನ ಫಲಿತಾಂಶ ಬಂದಾಗ ಶಿವಲಿಂಗಯ್ಯ ಧುಮುಗುಟ್ಟುತ್ತ ತಿಪ್ಪೇಸ್ವಾಮಿಯ ಹತ್ತಿರ ಬಂದರು. ಅದೇ ಹೊತ್ತಿಗೆ ಯಂಕನಗೌಡರೂ ಬಂದರು. ಅವರು ತಟ್ಟೆಯಲ್ಲಿ ಮರೆತುಹೋಗಿದ್ದ ಸ್ವಂತ ಪೆನ್ನನ್ನು ಒಯ್ಯಲು ಬಂದಿದ್ದರು.

"ಹನ್ನೊಂದೂ ರದ್ದು ಕಣ್ರೀ!" ಎಂದು ಶಿವಲಿಂಗಯ್ಯ ಮೇಜು ಗುದ್ದಿದರು. "ಮತದಾರನ ಗುರುತು ಸಿಗೋ ಹಾಗಿದೆ ಅಂತ ತೆಗೆದು ಪಕ್ಕಕ್ಕೆ ಹಾಕಿದ್ರಂತೆ. ಸಾವಿರದ ಇನ್ನೂರು ಮತದಲ್ಲಿ ಸೋತ್ವಿ. ಹನ್ನೊಂದು ನಿಂತಿದ್ರೆ ಸಾವಿರದ ನಾನೂರರ ಮೇಲಾಗ್ತಿತ್ತು!"

ಗೌಡರು ತಟ್ಟೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. "ಹಂಗಾರ ನಂದು ಯಾರಿಗೂ ಮುಟ್ಟಲಿಲ್ಲ?"

"ಯಾರಿಗೂ ಇಲ್ಲ."

ಆಗಲೇ ಗೌಡರ ಫೋನು ಬಡಿದುಕೊಂಡಿತು. ಅವರಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವ ರೂಢಿ.

"ಯಂಕನಗೌಡ, ನಾ ಇಂದುಮತಿ" ಎಂದಿತು ಮುದಿದನಿ. "ಕರ್ನಾಟಕದ ಎಣಿಕಿಯೊಳಗ ನಿಮ್ಮ ಪಕ್ಷದಾಗಿಂದ ನಂಗ ಒಂದ ಒಂದು ಮತ ಬಂದದ ಅಂತಪ್ಪಾ. ಯಾರದು ಅಂತ ಎಲ್ಲಾರೂ ಕೇಳಾಕ್ಹತ್ಯಾರ. ನಂಗ ಮಾತ್ರ ಗೊತ್ತು. ಎಲ್ಲಾರೂ ಹೆದರಿದ್ರೂ ನೀ ಹೆದರಾಂವ ಅಲ್ಲ. ರಾಷ್ಟ್ರಪತಿ ಆಗೂದು ದೊಡ್ಡದಲ್ಲ ತಮ್ಮಾ, ನಿನ್ನ ಮತ ದೊಡ್ಡದು."

ಆ ಒಂದು ಮತ ಯಾರದೆಂದು ಲಕೋಟೆಯೊಳಗಿದ್ದ ನನಗೆ ಗೊತ್ತಿತ್ತು. ಯಾರೂ ಅನುಮಾನ ಪಡದ, ಯಾರೂ ತಡೆಯದ ಒಬ್ಬ ಸಪ್ಪೆ ಮನುಷ್ಯ, ಸರಸರ ಬಂದು ಸರಸರ ಬರೆದು ಹೋಗಿದ್ದ. ಗೌಡರಿಗೆ ಅವನು ಗೊತ್ತಿಲ್ಲ. ಆದರೆ ಅದು ತನ್ನದಲ್ಲ ಎಂಬುದು ಚೆನ್ನಾಗಿ ಗೊತ್ತು. ಎದುರಿಗಿದ್ದ ಶಿವಲಿಂಗಯ್ಯನವರಿಗೂ ಗೊತ್ತು.

"ಕೇಳಸ್ತೇನಪಾ?" ಎಂದರು ಡಾಕ್ಟರಮ್ಮ.

"ಹೂಂ ಅಕ್ಕಾರ" ಎಂದರು ಗೌಡರು. "ನಂದ ಅದು."

ಶಿವಲಿಂಗಯ್ಯ ಕಿಟಕಿಯ ಕಡೆ ತಿರುಗಿಕೊಂಡರು. ಗೌಡರು ಫೋನು ಜೇಬಿಗಿಟ್ಟು ತಮ್ಮ ಪೆನ್ನನ್ನು ತೆಗೆದುಕೊಂಡರು. ಬಾಗಿಲವರೆಗೆ ಹೋದವರು ನಿಂತು, "ತಿಪ್ಪೇಸ್ವಾಮಿ, ಆ ನೇರಳಿ ಪೆನ್ನು ಎಲ್ಲೈತ್ರೀ?" ಎಂದು ಕೇಳಿದರು.

"ಸೀಲ್ ಮಾಡಿದೀವಿ ಸಾರ್."

"ಮತ್ತ ತೆಗೀಬ್ಯಾಡ್ರಿ" ಎಂದು ಹೊರಟುಹೋದರು.

ತೆಗೆಯಲಿಲ್ಲ. ವರ್ಷಗಳಾದವು. ಕಬ್ಬಿಣದ ಬೀರುವಿನ ಕೆಳಗಿನ ಖಾನೆಯಲ್ಲಿ, ಧೂಳು ಕೂತ ಕಡತಗಳ ನಡುವೆ ಬಿದ್ದಿದ್ದೇನೆ. ಹೊಟ್ಟೆಯಲ್ಲಿ ಶಾಯಿ ಇನ್ನೂ ಮುಕ್ಕಾಲು ಪಾಲು ಇದೆ. ಇಲ್ಲಿ ನನಗೆ ಕಷ್ಟವೇನಿಲ್ಲ, ಗೌಡರ ನೆನಪಾದಾಗ ಮಾತ್ರ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಅವರನ್ನು ಹೇಡಿ ಅನ್ನಲು ನನಗೆ ಬಾಯಿಲ್ಲ. ನಾಳೆ ಯಾರಾದರೂ ಈ ಲಕೋಟೆ ಹರಿದು, ಬೆದರಿಸಿ, ಏನನ್ನು ಬರೆ ಎಂದರೂ ನಾನು ಒಂದಿಷ್ಟೂ ತಡವರಿಸದೆ ಬರೆದುಬಿಡುತ್ತೇನೆ.